ಕಾಕನಕೋಟೆ: ಖೆಡ್ಡಾದಿಂದ ಸಫಾರಿಯವರೆಗೆ

ಕಾಡುಪ್ರಾಣಿ ನೋಡಲೆಂದೇ ಕಬಿನಿ ಹಿನ್ನೀರಿನ ದಡಕ್ಕೆ ಹೋಗಿ ತಂಗುವ ರೂಢಿ ಬೆಂಗಳೂರಿನವರಲ್ಲಿ ಬೆಳೆದದ್ದು 1980ರ ದಶಕದಿಂದೀಚೆಗೆ. ಆದರೆ ಅದೇ ಕಾಡಿಗೆ ಅತಿಥಿಗಳು ಬಂದು ಬೀಡುಬಿಟ್ಟು ಆನೆ ನೋಡುವುದು ಅದಕ್ಕೂ ಬಹಳ ಹಿಂದಿನದು. ಆಗ ಅವರು ನೋಡುತ್ತಿದ್ದದ್ದು ಆನೆ ಹಿಡಿಯುವುದನ್ನು.

ಕಾಡಾನೆಗಳನ್ನು ಹಿಂಡಾಗಿ ಹಿಡಿಯುವ ಖೆಡ್ಡಾ ಪದ್ಧತಿ ಮೈಸೂರು ಸಂಸ್ಥಾನದಲ್ಲಿ ನೆಲೆಯೂರಲು ಕಾರಣನಾದವನು ನೀರಾವರಿ ಇಲಾಖೆಯ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್. 1874ರಲ್ಲಿ ಚಾಮರಾಜನಗರದ ಬಳಿ ಅವನಿಗೆ ಮೊದಲ ಯಶಸ್ಸು ದೊರೆಯಿತು. ಮುಂದೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಖೆಡ್ಡಾಕ್ಕೆ ಹೆಸರಾಯಿತು. ತಮಟೆ, ಕೂಗು, ಬೆಂಕಿಗಳಿಂದ ಹಿಂಡನ್ನು ಬೆದರಿಸಿ ಕಬಿನಿ ನದಿಯತ್ತ ತರುಬುವುದು, ನೀರು ದಾಟಿಸಿ ದಿಮ್ಮಿಗಳ ದೊಡ್ಡಿಗೆ ನುಗ್ಗಿಸುವುದು, ಸಾಕಾನೆಗಳ ನೆರವಿನಿಂದ ಒಂದೊಂದಕ್ಕೂ ಹಗ್ಗ ಬಿಗಿಯುವುದು: ಇದು ಅಲ್ಲಿನ ಕ್ರಮ. ಕಾಡಿನ ಜಾಡು ಬಲ್ಲ ಜೇನುಕುರುಬರು, ಕಾಡುಕುರುಬರು ಇಲ್ಲದೆ ಇದರಲ್ಲಿ ಏನೂ ಸಾಗುತ್ತಿರಲಿಲ್ಲ. ವೈಸ್‌ರಾಯ್‌ಗಳೂ ರಾಜಮನೆತನದವರೂ ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು. ಅವರಿಗಾಗಿ ಹತ್ತಿರದ ಕಾರಾಪುರದಲ್ಲಿ ಬಂಗಲೆಗಳು ಎದ್ದವು. ನೋಡುವವರಿಗೆ ಅದು ವೈಭವ. ಹಗ್ಗ ಕೊರೆದ ಗಾಯದಿಂದ, ಪಳಗುವ ಮೊದಲೇ ಸತ್ತ ಆನೆಗಳ ಮಾತು ಆ ವೈಭವದ ವರ್ಣನೆಗಳಲ್ಲಿ ಕಡಿಮೆ.

ಈ ಕಾಡಿನ ಹೆಸರು ದೂರದವರೆಗೂ ಹೋಯಿತು. ಕಾರಾಪುರದ ಮಾವುತನ ಮಗ ಸಾಬು 1937ರ ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ನಟಿಸಿ ಮುಂದೆ ಹಾಲಿವುಡ್ ಸೇರಿದ. ಕನ್ನಡಿಗರಿಗೆ ಕಾಕನಕೋಟೆ ಹೆಚ್ಚು ಪರಿಚಿತವಾದದ್ದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ನಾಟಕದಿಂದ, 1977ರಲ್ಲಿ ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದರು.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಕಬಿನಿ ಅಣೆಕಟ್ಟೆ ಮುಗಿದಾಗ ಖೆಡ್ಡಾದ ಮೈದಾನ, ಸುತ್ತಲಿನ ಕಾಡು, ಹಳ್ಳಿಗಳು, ಹಾಡಿಗಳು ನೀರಿನಡಿಗೆ ಹೋದವು. ಇಂದಿನ ಕಬಿನಿಯ ಹೆಸರೆಲ್ಲ ನಿಂತಿರುವುದು ಈ ಮುಳುಗಡೆಯ ಮೇಲೆಯೇ. ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ಬಯಲಾದ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಒಳಕಾಡಿನ ಹೊಂಡಗಳು ಬತ್ತುವ ಕಾಲವೂ ಅದೇ. ಒಂದು ದಡದ ನಾಗರಹೊಳೆಯಿಂದ, ಇನ್ನೊಂದು ದಡದ ಬಂಡೀಪುರದಿಂದ ಆನೆಗಳು ಅಲ್ಲಿಗೆ ಇಳಿಯುತ್ತವೆ. ಪೊದೆಗಳ ಮರೆಯಿಲ್ಲದ ಬಯಲಿನಲ್ಲಿ ಅಷ್ಟು ಆನೆಗಳನ್ನು ಒಟ್ಟಿಗೆ ಕಾಣುವ ಅವಕಾಶ ಏಷ್ಯಾದಲ್ಲೇ ಅಪರೂಪ.

ರಾಜ್ಯ ಸರ್ಕಾರ 1980ರಲ್ಲಿ ನೇಪಾಳದ ಟೈಗರ್ ಟಾಪ್ಸ್ ಸಂಸ್ಥೆಯ ಜೊತೆಗೂಡಿ ಜಂಗಲ್ ಲಾಡ್ಜಸ್ ಕಂಪನಿಯನ್ನು ಸ್ಥಾಪಿಸಿತು. ಕಾರಾಪುರದ ಹಳೆಯ ಬಂಗಲೆಗಳೇ ಅದರ ವಸತಿಗೃಹಗಳಾದವು. ಒಂದು ಕಾಲದಲ್ಲಿ ಸ್ವತಃ ಬೇಟೆಗಾರನಾಗಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಅಲ್ಲಿ ದೀರ್ಘಕಾಲ ಆತಿಥ್ಯ ನೋಡಿಕೊಂಡು, 2010ರಲ್ಲಿ ತೀರಿಕೊಂಡರು. ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ, ಕಾವೇರಿ ದಡದ ಭೀಮೇಶ್ವರಿಗಳಲ್ಲೂ ಇಂಥ ಶಿಬಿರಗಳು ಬಂದವು. ಕೆನಡಾ, ಅಲಾಸ್ಕಾಗಳ ಉತ್ತರದ ಕಾಡುಗಳಲ್ಲಿ ಜನ ತಮ್ಮದೇ ಡೇರೆ ಹೊತ್ತು ಹೋಗಿ ಮಲಗುವಂತೆ ಇಲ್ಲಿ ಮಾಡಲಾಗದು: ಗೊತ್ತುಪಡಿಸಿದ ಹೊತ್ತಿಗೆ, ಇಲಾಖೆಯ ಅನುಮತಿ ಇರುವ ಜೀಪು ಅಥವಾ ದೋಣಿಯಲ್ಲೇ ಒಳಹೋಗಬೇಕು. ಹುಲಿ, ಆನೆ ಓಡಾಡುವ ಕಾಡಿಗೆ ಈ ಕಟ್ಟುಪಾಡು ಸರಿಯಾದದ್ದೇ.

ಈ ಬೆಳವಣಿಗೆಯ ಲಾಭ ಎಲ್ಲರಿಗೂ ಒಂದೇ ತೆರನಾಗಿ ಸಿಗಲಿಲ್ಲ. ಖೆಡ್ಡಾಕ್ಕೆ ದುಡಿದ ಸಮುದಾಯಗಳ ಅನೇಕ ಕುಟುಂಬಗಳು ಮುಳುಗಡೆಯಿಂದ, ಆಮೇಲೆ ಸಂರಕ್ಷಣೆಯ ಹೆಸರಿನಲ್ಲಿ ಕಾಡು ಬಿಡಬೇಕಾಯಿತು. ನಾಗರಹೊಳೆಯೊಳಗೆ ಖಾಸಗಿ ಹೋಟೆಲೊಂದು ಏಳುತ್ತಿದ್ದಾಗ ಆದಿವಾಸಿಗಳು ಅದನ್ನು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲೇರಿದರು. 1997ರಲ್ಲಿ ಹೈಕೋರ್ಟು ಅವರ ಪರ ನಿಂತಿತು. 2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲು ಪ್ರದೇಶಗಳ ಒಳಭಾಗದಲ್ಲಿ ಪ್ರವಾಸೋದ್ಯಮವನ್ನೇ ಕೆಲವು ತಿಂಗಳು ತಡೆದು, ಆಮೇಲೆ ನಿಯಮಗಳೊಡನೆ ಬಿಟ್ಟಿತು.

ರಸ್ತೆಗಳಿಗೂ ಕಟ್ಟಳೆ ಬಂತು. ಬೆಂಗಳೂರಿನ ಮಡಿವಾಳದಿಂದ ಕೋಯಿಕ್ಕೋಡ್ ಕಡೆಗೆ ಹೊರಡುವ ರಾತ್ರಿ ಬಸ್ಸುಗಳ ಪ್ರಯಾಣಿಕರಿಗೆ ಇದರ ಬಿಸಿ ಗೊತ್ತು. ಬಂಡೀಪುರದ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ. ಬೆರಳೆಣಿಕೆಯ ಬಸ್ಸುಗಳಿಗೂ ತುರ್ತು ವಾಹನಗಳಿಗೂ ಮಾತ್ರ ವಿನಾಯಿತಿ. ಕಾಕನಕೋಟೆ ಕಾಡಿನ ನಡುವೆ ಮಾನಂದವಾಡಿಗೆ ಹೋಗುವ ರಸ್ತೆಯ ಗೇಟಂತೂ ಸಂಜೆ 6ಕ್ಕೇ ಬೀಳುತ್ತದೆ.