ಹಿರೀ ಅವ್ವನ ಒಂದು ಖಂಡುಗ ರಾಗಿ

ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕಬೇಕಾಯಿತು. ಹೂಡಿಯಲ್ಲಿ ನಮಗೆ ಉಳಿದಿರುವುದು 11 ಗುಂಟೆ. ಮಿಕ್ಕಿದ್ದೆಲ್ಲ ಕಾರ್ಖಾನೆಗೆ, ರಸ್ತೆಗೆ, ಮನೆಯ ಮದುವೆಗಳಿಗೆ ಹೋಗಿದೆ. ಅರ್ಜಿಯ ಜೊತೆ ವಂಶವೃಕ್ಷ ಕೊಡಬೇಕು. ವಂಶವೃಕ್ಷದ ನೆತ್ತಿಯಲ್ಲಿ ‘ಮೂಲ ಪುರುಷ’ ಎಂದು ಬರೆದು ಅದರ ಕೆಳಗೆ ಹೆಸರು ತುಂಬಬೇಕು. ಕಚೇರಿಗೆ ಅಜ್ಜನ ಹೆಸರಿಂದ ಶುರು ಮಾಡಿದರೆ ಸಾಕಿತ್ತು. ಆದರೆ ನನಗೆ ಹುಚ್ಚು ಹತ್ತಿದ್ದು ಅಲ್ಲೇ. ನಮ್ಮ ನಿಜವಾದ ಮೂಲ ಪುರುಷ ಯಾರು?

ಹುಚ್ಚಿಗೆ ಕಾರಣ ಅಜ್ಜಿ. ರಾತ್ರಿ ಊಟಕ್ಕೆ ಕೂತಾಗ ಅವಳು ಹೇಳುತ್ತಿದ್ದ ಒಂದು ಕತೆ ಇತ್ತು. “ದಂಡು ಬಂದಾಗ ನಮ್ಮೋರೇ ಬಣವೆಗೆ ಬೆಂಕಿ ಇಕ್ಕಿದ್ರು ಕಣ್ಲಾ. ದನ ಹೊಡ್ಕೊಂಡು ಕಾಡಿಗೆ ಹೋದ್ರಂತೆ. ವಾಪಸ್ ಬಂದಾಗ ಊರಲ್ಲಿ ಒಂದು ಹಿಡಿ ಹುಲ್ಲಿರಲಿಲ್ಲ.” ಯಾವ ದಂಡು, ಯಾವ ಕಾಲ ಎಂದರೆ, “ಅದೇ, ದಂಡು” ಅನ್ನುತ್ತಿದ್ದಳು. ಮುಂದಿನ ಪ್ರಶ್ನೆಗೆ ಮುದ್ದೆ ತಣ್ಣಗಾಗುತ್ತದೆ ಎಂಬ ಉತ್ತರ.

ಅಪ್ಪನ ಟ್ರಂಕಿನಲ್ಲಿ ಒಂದು ಕಾಗದ ಸಿಕ್ಕಿತು. ನಾಲ್ಕು ಮಡಿಕೆ, ಮಡಿಕೆಯ ಗೆರೆಗಳಲ್ಲಿ ಸವೆದು ಬೆಳಕು ಕಾಣುತ್ತಿತ್ತು. ಅಣ್ಣತಮ್ಮಂದಿರ ಪಾಲುಪಟ್ಟಿ. ಮೇಲೆ ‘ಸಾಧಾರಣ ನಾಮ ಸಂವತ್ಸರದ ಫಾಲ್ಗುಣ ಬಹುಳ’ ಎಂದಿದೆ, ತಿಥಿಯನ್ನು ಹುಳ ತಿಂದಿದೆ. ಶಕವರ್ಷ ಬರೆದಿಲ್ಲ. ಬರೆದವನಿಗೆ ಯಾವ ಸಾಧಾರಣ ಎಂಬುದು ಗೊತ್ತಿತ್ತಲ್ಲ, ಯಾಕೆ ಬರೆದಾನು?

ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. 1970-71 ಸಾಧಾರಣ, 1910-11 ಸಾಧಾರಣ, ಅದಕ್ಕೂ ಹಿಂದೆ 1850-51, ಇನ್ನೂ ಹಿಂದೆ 1790-91. ಈ ಕೊನೆಯದನ್ನು ಬರೆದು ನೋಡಿದಾಗ ನನ್ನ ಕೈ ನಡುಗಿತು. 1791ರ ಮಾರ್ಚ್ ಎಂದರೆ ಕಾರ್ನ್‌ವಾಲಿಸ್ ಬೆಂಗಳೂರಿಗೆ ಬಂದ ತಿಂಗಳು.

ಮೂರನೆಯ ಮೈಸೂರು ಯುದ್ಧದ ಆ ಭಾಗವನ್ನು ಶಾಲೆಯಲ್ಲಿ ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಕಾರ್ನ್‌ವಾಲಿಸ್ ಆಂಬೂರಿನ ಕಡೆ ಹೊರಟಂತೆ ತೋರಿಸಿ, ಮೊಗಲಿ ಘಾಟಿ ಹತ್ತಿ, ಕೋಲಾರ, ಹೊಸಕೋಟೆಗಳನ್ನು ಹಿಡಿದು ಮಾರ್ಚ್ 5ಕ್ಕೆ ಬೆಂಗಳೂರಿನ ಮುಂದೆ ಬಂದಿದ್ದ. ಹೊಸಕೋಟೆಯಿಂದ ಬೆಂಗಳೂರಿಗೆ ಬರುವವರು ನಮ್ಮ ಸೀಮೆಯನ್ನು ದಾಟದೆ ಬರಲಾರರು. 7ನೇ ತಾರೀಖು ಪೇಟೆ ಬಿತ್ತು. 21ರ ರಾತ್ರಿ, ಬೆಳದಿಂಗಳಲ್ಲಿ, ಕೋಟೆಗೆ ನುಗ್ಗಿದರು. ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಹುಣ್ಣಿಮೆ ಕಳೆದ ಬೆಳದಿಂಗಳು ಅದು. ಅಂದರೆ ಫಾಲ್ಗುಣ ಬಹುಳ! ಕಾಗದದ ಪಕ್ಷ, ಯುದ್ಧದ ಪಕ್ಷ ಎರಡೂ ಒಂದೇ.

ಆಮೇಲೆ ನಾನು ಒಂದು ಕತೆಯನ್ನೇ ಕಟ್ಟಿದೆ. ದಂಡು ಬರುತ್ತಿದೆ, ಊರು ಬಿಡಬೇಕು, ಯಾರು ಬದುಕುತ್ತಾರೋ ಯಾರು ಸಾಯುತ್ತಾರೋ, ಹೊರಡುವ ಮುಂಚೆ ಅಣ್ಣತಮ್ಮಂದಿರು ಕೂತು ಪಾಲು ಬರೆದುಕೊಂಡಿದ್ದಾರೆ. ಮನೆಯವರ ವಾಟ್ಸಾಪ್ ಗುಂಪಿಗೂ ಹಾಕಿದೆ. ದೊಡ್ಡಪ್ಪನ ಮಗನೊಬ್ಬ ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಮನೆದೇವರ ಗುಡಿಯ ಮುಂದೆ ನೆಡಿಸೋಣ ಎಂದ. ತೋಪಿನ ಸದ್ದು ಕೇಳಿಸುತ್ತಿರುವಾಗ ಯಾವ ರೈತ ಕೂತು ಗದ್ದೆಯ ಎಲ್ಲೆ ಬರೆಸುತ್ತಾನೆ ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಕಲ್ಲು ಕೆತ್ತಿಸುವ ಮೊದಲು ಬೇರೆ ಸಾಕ್ಷಿಯೂ ಇರಲಿ ಎಂದು ಹುಡುಕತೊಡಗಿದೆ. ಆ ಯುದ್ಧದಲ್ಲಿ ಗೆದ್ದವರ ಕಡೆಯ ಹೆಸರುಗಳಿಗೆ ಬರವಿಲ್ಲ. ಪೇಟೆಯ ಬಾಗಿಲಲ್ಲಿ ಸತ್ತ ಲೆಫ್ಟಿನೆಂಟ್ ಕರ್ನಲ್ ಮೂರ್‌ಹೌಸ್‌ನ ಸಾವನ್ನು, ದಂಡಿನ ಜೊತೆಗೇ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬಣ್ಣದಲ್ಲಿ ಬರೆದ. ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳ ಹೆಸರು ಹೊತ್ತ ಸ್ಮಾರಕ ಸ್ತಂಭ ಈಗಿನ ಹಡ್ಸನ್ ಸರ್ಕಲ್ ಬಳಿ ಇತ್ತು. ಇವತ್ತಿನ ನೃಪತುಂಗ ರಸ್ತೆಗೆ ಸೆನೋಟಾಫ್ ರಸ್ತೆ ಎಂಬ ಹೆಸರು ಬಂದದ್ದೇ ಅದರಿಂದ. 1964ರಲ್ಲಿ ಅದನ್ನು ಕೆಡವಿದರು. ಕಂಬ ಹೋದರೂ ಹೆಸರುಗಳು ಹೋಗಲಿಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯ ಉಯಿಲುಗಳು ಒಂದು ಸಾಲು, ಸತ್ತವರ ಸ್ವತ್ತಿನ ಪಟ್ಟಿಗಳು ಇನ್ನೊಂದು ಸಾಲು. ಕಂಪನಿಯ ಅಧಿಕಾರಿ ಸತ್ತರೆ ಅವನ ಕೋಟು, ಕುದುರೆ, ಡೇರೆಗಳನ್ನು ಹರಾಜು ಹಾಕಿ, ಬಂದ ಹಣವನ್ನು ಲೆಕ್ಕ ಬರೆದು ವಾರಸುದಾರರಿಗೆ ಕಳಿಸುತ್ತಿದ್ದರು. ಇವತ್ತು ಸ್ಕಾಟ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಕೂತ ಒಬ್ಬಾಕೆ, ಬೆಂಗಳೂರಲ್ಲಿ ಸತ್ತ ತನ್ನ ಪೂರ್ವಜನ ಬಳಿ ಎಷ್ಟು ಜೊತೆ ಅಂಗಿ ಇತ್ತೆಂದು ಹೇಳಬಲ್ಲಳು.

ನಮ್ಮಲ್ಲಿ ಉಯಿಲಿನ ರೂಢಿ ಇರಲಿಲ್ಲ. ಕೂಡು ಕುಟುಂಬದಲ್ಲಿ ಸತ್ತವನು ಬಿಟ್ಟುಹೋಗಲು ಅವನದೇ ಎಂಬುದೇನೂ ಇಲ್ಲ. ಪ್ರೊಬೇಟ್ ಎಂಬ ಮಾತೇ ನಮ್ಮ ಕಡೆಗೆ ಪರಕೀಯ. 1925ರ ಉತ್ತರಾಧಿಕಾರ ಕಾಯ್ದೆ ಕೂಡ ಹಿಂದೂಗಳ ಉಯಿಲಿಗೆ ಅದನ್ನು ಕಡ್ಡಾಯ ಮಾಡಿದ್ದು ಕಲ್ಕತ್ತ, ಮದ್ರಾಸ್, ಬೊಂಬಾಯಿಗಳ ಹೈಕೋರ್ಟು ಸೀಮೆಗೆ ಮಾತ್ರ. ನಮಗಿರುವುದು ಪೌತಿ. ಫೌತ್ ಎಂದರೆ ಸಾವು, ಪಾರಸಿಯಿಂದ ಬಂದ ಮಾತು. ಸತ್ತವನ ಹೆಸರು ತೆಗೆದು ಇದ್ದವನ ಹೆಸರು ಬರೆಯುವುದು, ಅಷ್ಟೆ.

ಆ ಹೆಸರನ್ನು ಬರೆಯುತ್ತಿದ್ದದ್ದು ಎಲ್ಲಿ? ಶಾನುಭೋಗನ ಕಡತದಲ್ಲಿ. ಈಗ ಕಡತ ಎಂದರೆ ಟೇಪು ಕಟ್ಟಿದ ಕಚೇರಿಯ ಫೈಲು. ಆಗ ಅದು ಬಟ್ಟೆ. ಇದ್ದಿಲ ಪುಡಿಯನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಟಿಪ್ಪುವಿನ ಸರ್ಕಾರ ಲೆಕ್ಕಪತ್ರದಲ್ಲಿ ಹಿಂದೆ ಬಿದ್ದದ್ದಲ್ಲ. ಅವನ ಕಂದಾಯದ ಕಟ್ಟಳೆಗಳು ಬರ್ರಿಶ್ ಕ್ರಿಸ್ಪ್ ಎಂಬವನ ಅನುವಾದದಲ್ಲಿ 1792ರಲ್ಲೇ ಇಂಗ್ಲಿಷಿನಲ್ಲಿ ಅಚ್ಚಾದವು. ಅದರಲ್ಲಿ ಪಟೇಲ ಬರುತ್ತಾನೆ, ಶಾನುಭೋಗ ಬರುತ್ತಾನೆ, ನೇಗಿಲಿಗೆ ಕೊಡುವ ತಕಾವಿ ಸಾಲ ಬರುತ್ತದೆ. ನಮ್ಮೂರಿನ ಒಬ್ಬ ರೈತನ ಹೆಸರು ಅಲ್ಲಿ ಯಾಕೆ ಬಂದೀತು? ಊರ ಲೆಕ್ಕ ಒಂದು ಮಳೆಗಾಲಕ್ಕೆ, ಒಂದು ಒದ್ದೆ ಕೈಗೆ ಅಳಿಯುವಂಥದ್ದು.

ಸರ್ವೆ ನಂಬರು ಕಟ್ಟಿದ ಕಂದಾಯ ಸರ್ವೆ ಮೈಸೂರಿನಲ್ಲಿ ಶುರುವಾದದ್ದು 1863ರಲ್ಲಿ. ಅಲ್ಲಿಂದ ಈಚೆಗೆ ದಾರಿ ಸಲೀಸು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂಲ ಟಿಪ್ಪಣಿ, ಆಕಾರ್‌ಬಂದ್, ಕೈಬರಹದ ಪಹಣಿ ಎಲ್ಲ ದೂಳಿನೊಡನೆ ಸಿಗುತ್ತವೆ. 1876ರಿಂದ 1878ರ ಧಾತು ಬರವನ್ನು ಮಾತ್ರ ದಾಟಬೇಕು. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿದ್ದ 50 ಲಕ್ಷ ಚಿಲ್ಲರೆ ಜನ 1881ಕ್ಕೆ 42 ಲಕ್ಷಕ್ಕೂ ಕೆಳಗಿಳಿದಿದ್ದರು. ನಮ್ಮ ಮನೆಯ ಎರಡು ಕವಲು ಅಲ್ಲೇ ಒಣಗಿವೆ. 1863ಕ್ಕೂ 1791ಕ್ಕೂ ನಡುವಿನ ಕಂದಕಕ್ಕೆ ನನ್ನ ಬಳಿ ಇದ್ದ ಸೇತುವೆ ಆ ಪಾಲುಪಟ್ಟಿ ಒಂದೇ.

ಅದನ್ನು ಹಳೆಯ ಕೈಬರಹ ಓದಬಲ್ಲ ನಿವೃತ್ತ ಮೇಷ್ಟ್ರೊಬ್ಬರ ಹತ್ತಿರ ಒಯ್ದೆ. ಪಾಲಿನಲ್ಲಿ ಒಬ್ಬ ತಮ್ಮ ಇನ್ನೊಬ್ಬನಿಗೆ 12 ಕೊಡಬೇಕೆಂದು ಇದೆ. ಆ ಅಂಕಿಯ ಹಿಂದಿನ ಮೊಟಕು ಅಕ್ಷರಗಳನ್ನು ನಾನು ‘ಕಂ’ ಎಂದು ಓದಿ, ಕಂಠೀರಾಯಿ ಎಂದು ಬಿಡಿಸಿಕೊಂಡಿದ್ದೆ. ಹಳೆ ಮೈಸೂರಿನ ನಾಣ್ಯ, 10 ಹಣಕ್ಕೆ ಒಂದು ವರಹ, 1791ಕ್ಕೆ ಸರಿಯಾಗಿ ಹೊಂದುತ್ತದೆ. ಮೇಷ್ಟ್ರು ಕಾಗದವನ್ನು ಕಿಟಕಿಗೆ ಹಿಡಿದರು.

“ಇದರ ಮುಂದೆ ‘ರೂ’ ಅಂತಿದೆಯಲ್ಲಪ್ಪ, ಅದನ್ನೇನು ಮಾಡಿದೆ?”

ನಾನು ಏನೂ ಮಾಡಿರಲಿಲ್ಲ. ಕಾಣದ ಹಾಗೆ ದಾಟಿದ್ದೆ.

“ಕಂಠೀರಾಯಿ ರೂಪಾಯಿ ಅಂತ ಇಲ್ಲ. ಮಡಿಕೆ ಮೇಲೆ ನೋಡು, ಅಕ್ಷರಕ್ಕೆ ಕೊಂಬಿದೆ. ಇದು ‘ಕಂ’ ಅಲ್ಲ, ‘ಕುಂ’. ಕುಂಪಣಿ ರೂಪಾಯಿ.”

ಒಂದು ಕೊಂಬು. ಕುಂಪಣಿ ಸರ್ಕಾರ ತನ್ನ ಸೀಮೆಗೆಲ್ಲ ಒಂದೇ ರೂಪಾಯಿ ಹೊಡೆಸಿದ್ದು 1835ರಲ್ಲಿ. ಟಿಪ್ಪುವಿನ ಸೀಮೆಯ ರೈತರು, ಅದೂ ಕುಂಪಣಿಯ ದಂಡು ಎದುರಿಗಿರುವಾಗ, ತಮ್ಮ ಪಾಲನ್ನು ಕುಂಪಣಿ ರೂಪಾಯಿಯಲ್ಲಿ ಲೆಕ್ಕ ಹಾಕುವ ಮಾತೇ ಇಲ್ಲ. ನನ್ನ ಕಾಗದ 1851ರ ಮಾರ್ಚಿನದು. ಮೈಸೂರನ್ನು ಕಮಿಷನರ್ ಮಾರ್ಕ್ ಕಬ್ಬನ್ ಆಳುತ್ತಿದ್ದ, ದಂಡಿನ ಭಯವಿಲ್ಲದ ಕಾಲದಲ್ಲಿ, ಅಣ್ಣತಮ್ಮಂದಿರು ಸುಮ್ಮನೆ ಜಗಳವಾಡಿ ಬೇರೆಯಾಗಿದ್ದಾರೆ.

ಗುಂಪಿನಲ್ಲಿ ತಪ್ಪು ಒಪ್ಪಿಕೊಂಡೆ. ಯಾರೂ ಉತ್ತರಿಸಲಿಲ್ಲ. ಕಲ್ಲಿಗೆ ಮುಂಗಡ ಕೊಟ್ಟಿದ್ದವನು ಮಾತ್ರ ಒಂದು ಬೆರಳಿನ ಚಿತ್ರ ಹಾಕಿದ.

ಕಾಗದವನ್ನು ಎತ್ತಿಡುವ ಮುಂಚೆ ಇನ್ನೊಮ್ಮೆ ಓದಿದೆ. 1791 ಅದರಲ್ಲಿ ಇಲ್ಲ ಎಂದು ಗೊತ್ತಾದ ಮೇಲೆ ಉಳಿದ ಸಾಲುಗಳು ಕಣ್ಣಿಗೆ ಬಿದ್ದವು. ಗದ್ದೆಗಳ ಪಟ್ಟಿಯಲ್ಲಿ ಒಂದು ತುಂಡಿಗೆ ‘ತಾತನ ಕಾಲದ ಕಟ್ಟುಕೊಡಿಗೆ’ ಎಂದಿದೆ. ಕೆರೆ ಕಟ್ಟಿದವರಿಗೆ, ಒಡೆದ ಕೆರೆಯನ್ನು ರಿಪೇರಿ ಮಾಡಿ ನೋಡಿಕೊಳ್ಳುವವರಿಗೆ ಕೆರೆಯ ಕೆಳಗೇ ಬಿಟ್ಟುಕೊಡುತ್ತಿದ್ದ ಇನಾಮು ಅದು. ನಮ್ಮ ಸೀಮೆ ಕೆರೆಗಳಿಂದಲೇ ಬದುಕಿದ್ದು. ಇವತ್ತು ಐಟಿ ಪಾರ್ಕ್ ನಿಂತಿರುವ ಪಟ್ಟಂದೂರಿನ ಕೆರೆ ಕಟ್ಟಿಸಿದ್ದನ್ನು ಚೋಳರ ಕಾಲದ ತಮಿಳು ಶಾಸನವೇ ಹೇಳುತ್ತದೆ. 1851ರಲ್ಲಿ ಮಕ್ಕಳೊಂದಿಗನಾಗಿ ಪಾಲು ಕೇಳುವವನ ತಾತ ಎಂದರೆ, ತಲೆಮಾರಿನ ಲೆಕ್ಕದಲ್ಲಿ, 1791ಕ್ಕೆ ಪ್ರಾಯದವನು. ನಾನು ಹುಡುಕುತ್ತಿದ್ದ ಮನುಷ್ಯ ಅವನೇ. ಯುದ್ಧದಲ್ಲಿ ಅವನಿಲ್ಲ, ಕೆರೆಯ ಏರಿಯ ಮೇಲೆ ಇದ್ದಾನೆ. ಹೆಸರಿಲ್ಲ. ಮೊಮ್ಮಕ್ಕಳು ‘ತಾತ’ ಎಂದು ಬರೆಸಿ ಸುಮ್ಮನಾಗಿದ್ದಾರೆ.

ಅದರ ಕೆಳಗೆ, ಸಾಕ್ಷಿಗಳ ಗುರುತುಗಳ ಸ್ವಲ್ಪ ಮೇಲೆ: ‘ಹಿರೀ ಅವ್ವನಿಗೆ ಅನ್ನವಸ್ತ್ರಕ್ಕೆ ವರ್ಷಕ್ಕೆ ರಾಗಿ ಖಂಡುಗ 1, ಸೀರೆ 1, ನಾಲ್ವರೂ ಸರದಿಯಂತೆ ಕೊಡತಕ್ಕದ್ದು.’ ‘ತಾಯಿ’ಗೆ ಬೇರೆ ಸಾಲಿದೆ. ಹಾಗಾದರೆ ಈ ಹಿರೀ ಅವ್ವ ತಾತನ ಹೆಂಡತಿ.

ಅವಳಿಗಾಗ ಎಪ್ಪತ್ತರ ಮೇಲಿರಬೇಕು. 1791ರಲ್ಲಿ ಹನ್ನೆರಡೋ ಹದಿಮೂರೋ, ಆಗಷ್ಟೇ ಮದುವೆಯಾಗಿ ಬಂದ ಹುಡುಗಿ. ಆ ಕಾಗದದಲ್ಲಿ ಬರುವ ಎಲ್ಲರಲ್ಲಿ ದಂಡನ್ನು ಕಣ್ಣಾರೆ ಕಂಡಿರಬಹುದಾದವಳು ಅವಳೊಬ್ಬಳೇ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಒಂದು ಜೀವಕ್ಕೆ ವರ್ಷದ ಮುದ್ದೆ, ಅದಕ್ಕಿಂತ ಹೆಚ್ಚಿಲ್ಲ. ನಾಲ್ಕು ಒಲೆಗಳ ನಡುವೆ ಸರದಿಯಂತೆ ಓಡಾಡುತ್ತ, ಪ್ರತಿ ಮನೆಯ ಮಕ್ಕಳಿಗೂ ಅವಳು ಬಣವೆ ಸುಟ್ಟ ಕತೆ ಹೇಳಿರಬೇಕು.

ಆ ಕತೆಯಲ್ಲಿ ‘ನಮ್ಮೋರೇ’ ಎಂಬ ಮಾತಿದೆಯಲ್ಲ, ಅದು ನಮ್ಮ ಮನೆಯಲ್ಲಿ ಹಲವರಿಗೆ ಹಿಡಿಸುತ್ತಿರಲಿಲ್ಲ. ಬೆಂಕಿ ಇಟ್ಟವರು ಇಂಗ್ಲಿಷರೇ ಇರಬೇಕು ಎಂದು ದೊಡ್ಡಪ್ಪ ತಿದ್ದುತ್ತಿದ್ದರು. ಆದರೆ ಆ ಯುದ್ಧದಲ್ಲಿ ಶತ್ರುವಿನ ಎತ್ತುಗಳಿಗೆ ಸಿಗದಿರಲೆಂದು ದಾರಿಯ ಮೇವನ್ನು ಸುಡಿಸುತ್ತ ಬಂದವನು ಟಿಪ್ಪು. ಮೇವಿಲ್ಲದೆ ತೋಪೆಳೆಯುವ ದನಗಳು ಸತ್ತೇ, ಅದೇ ವರ್ಷ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ಹಿಂದಿರುಗಿದ. ಅಜ್ಜಿಯ ಒಂದೊಂದು ಮಾತೂ ಸರಿಯಿತ್ತು. ನಾನು ನಂಬಿದ್ದು ಕಾಗದವನ್ನು.

ಈಗ ವಂಶವೃಕ್ಷಕ್ಕೆ ಬರುತ್ತೇನೆ. ಅಪ್ಪನಿಗೆ ಇಬ್ಬರು ತಂಗಿಯರು. ದೊಡ್ಡಪ್ಪ ಬರೆಸಿಟ್ಟಿದ್ದ ಕರಡಿನಲ್ಲಿ ಗಂಡುಮಕ್ಕಳ ಕವಲು ಮಾತ್ರ ಇತ್ತು. “ಅವರ ಮದುವೆಗೆ ಖರ್ಚು ಮಾಡಿಲ್ವೇನೋ?” ಎಂಬುದು ಅವರ ನ್ಯಾಯ. ಈ ಸಂಸ್ಥಾನದಲ್ಲಿ ಪಾಲಿನ ವೇಳೆ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಭಾಗ ಕೊಡಬೇಕೆಂಬ ಕಾನೂನು ಬಂದದ್ದು 1933ರಲ್ಲಿ. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಸಮಕ್ಕೆ ತಂದಿತು, ಅದಕ್ಕೂ ಮದುವೆಯಾಗಿರಬಾರದೆಂಬ ಷರತ್ತಿತ್ತು. ದೇಶಕ್ಕೆಲ್ಲ 2005ರಲ್ಲಿ ಬಂದ ತಿದ್ದುಪಡಿ ಆ ಷರತ್ತನ್ನೂ ತೆಗೆದುಹಾಕಿತು. ದೊಡ್ಡಪ್ಪನಿಗೆ ಇದೆಲ್ಲ ಗೊತ್ತಿದೆ. ಮೆಟ್ರೊ ಬಂದ ಮೇಲೆ ಆ 11 ಗುಂಟೆಯ ಬೆಲೆಯೂ ಗೊತ್ತಿದೆ.

ಪಾಲುಪಟ್ಟಿಯನ್ನು ಚಿಕ್ಕತ್ತೆಗೆ ಓದಿ ಹೇಳಿದೆ. ರಾಗಿಯ ಸಾಲು ಬಂದಾಗ ತಡೆದಳು.

“ನಾಲ್ಕು ಜನ ಮೊಮ್ಮಕ್ಕಳಿದ್ರೂ ಅವಳ ಹೆಸರು ಒಬ್ಬನಿಗೂ ಗೊತ್ತಿರಲಿಲ್ವೇನೋ?”

“ಗೊತ್ತಿತ್ತು ಅತ್ತೆ, ಬರೆಸಲಿಲ್ಲ.”

“ಹೂಂ” ಎಂದು, ಎದ್ದುಹೋಗಿ ಆಧಾರ್ ಕಾರ್ಡಿನ ನಕಲು ತಂದುಕೊಟ್ಟಳು. ಹೆಸರಿನ ಕಾಗುಣಿತ ಅದರಲ್ಲಿ ಇರುವ ಹಾಗೇ ಬರೆಯಬೇಕಂತೆ, ಇಲ್ಲದಿದ್ದರೆ ಕಚೇರಿಯಲ್ಲಿ ವಾಪಸ್ ಮಾಡುತ್ತಾರಂತೆ.

ಇಬ್ಬರು ಅತ್ತೆಯಂದಿರ ಹೆಸರೂ ಸೇರಿಸಿ ಹೊಸ ಹಾಳೆ ಬರೆದೆ. ದೊಡ್ಡಪ್ಪನ ಸಹಿ ಇನ್ನೂ ಆಗಿಲ್ಲ.