ರಾತ್ರಿ ಪಾಳಿಯ ಭತ್ಯೆ: ದಾದಿಯರ ದುಡಿಮೆಯೂ ನಮ್ಮ ಹೊಣೆಯೂ

ಕರಾವಳಿಯ ಕ್ರೈಸ್ತ ಕುಟುಂಬಗಳಿಗೂ ದಾದಿ ವೃತ್ತಿಗೂ ಹಳೆಯ ನಂಟು. ಯೇಸುಸಭೆಯ ಜರ್ಮನ್ ಯಾಜಕ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಕೊಡಲಾರಂಭಿಸಿದರು. ಅಂದಿನಿಂದ ರೋಗಿಗಳ ಸೇವೆ ನಮ್ಮ ಸ್ಥಳೀಯ ಧರ್ಮಸಭೆಯ ಮುಖ್ಯ ಕಾರ್ಯಗಳಲ್ಲೊಂದು. ನಮ್ಮ ಅನೇಕ ಹೆಣ್ಣುಮಕ್ಕಳು, ಯುವಕರು ಇಂದು ಮಂಗಳೂರಿನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ, ಬ್ರಿಟನ್ ಮತ್ತು ಇಸ್ರೇಲ್‌ನಲ್ಲಿ ರೋಗಿಗಳ, ವೃದ್ಧರ ಆರೈಕೆ ಮಾಡುತ್ತಿದ್ದಾರೆ. ರಾತ್ರಿ, ಭಾನುವಾರ, ಕ್ರಿಸ್ಮಸ್ ಎನ್ನದೆ ದುಡಿಯುವ ಇವರಿಗೆ ಹೆಚ್ಚುವರಿ ವೇತನ ಸಲ್ಲಬೇಕೇ? ಕಾನೂನು ಏನನ್ನುತ್ತದೆ, ಧರ್ಮಸಭೆ ಏನನ್ನು ಬೋಧಿಸುತ್ತದೆ ಎಂಬುದನ್ನು ಇಲ್ಲಿ ಸಂಗ್ರಹವಾಗಿ ಕೊಡುತ್ತಿದ್ದೇವೆ.

ಓವರ್‌ಟೈಮ್ ಬೇರೆ, ರಾತ್ರಿ ಭತ್ಯೆ ಬೇರೆ

ಈ ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. ನಿಗದಿತ ಅವಧಿ ಮುಗಿದ ಮೇಲೂ ದುಡಿದರೆ ಸಿಗುವುದು ಓವರ್‌ಟೈಮ್. ನಿಗದಿತ ಅವಧಿಯೇ ರಾತ್ರಿಯಲ್ಲಿ ಬಂದಾಗ, ಆ ಹೊತ್ತಿನ ಕಷ್ಟಕ್ಕಾಗಿ ಸಿಗುವುದು ರಾತ್ರಿ ಭತ್ಯೆ. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯು ಓವರ್‌ಟೈಮ್‌ಗೆ ಸಾಮಾನ್ಯ ದರದ ಕನಿಷ್ಠ ಎರಡರಷ್ಟು ಕೊಡಬೇಕೆನ್ನುತ್ತದೆ. ಅದೇ ದಿನ ಜಾರಿಯಾದ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪ್ರಕಾರ ಸಂಜೆ 7ರಿಂದ ಬೆಳಿಗ್ಗೆ 6ರ ನಡುವೆ ಮಹಿಳೆಯರನ್ನು ದುಡಿಸಿಕೊಳ್ಳಲು ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಏರ್ಪಾಡೂ ಇರಬೇಕು. ಆದರೆ ಖಾಸಗಿ ಆಸ್ಪತ್ರೆಗಳು ಇಂತಿಷ್ಟು ರಾತ್ರಿ ಭತ್ಯೆ ಕೊಡಲೇಬೇಕೆಂದು ಈ ಸಂಹಿತೆಗಳು ಹೇಳುವುದಿಲ್ಲ. ಅದು ಆಡಳಿತ ಮಂಡಳಿಯ ಮನಸ್ಸಿಗೆ ಬಿಟ್ಟ ವಿಷಯವಾಗಿ ಉಳಿದಿದೆ.

ಸರಕಾರಿ ಲೆಕ್ಕಾಚಾರ

ಕೇಂದ್ರ ಸರಕಾರವು ತನ್ನ ನೌಕರರಿಗೆ 2020ರ ಜುಲೈ 13ರ ಆದೇಶದಲ್ಲಿ ಒಂದು ಸೂತ್ರ ಕೊಟ್ಟಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಪ್ರತಿ ಗಂಟೆಗೆ 10 ನಿಮಿಷ ಹೆಚ್ಚುವರಿ ಎಂದು ಲೆಕ್ಕ. ಮೂಲವೇತನ ಮತ್ತು ತುಟ್ಟಿಭತ್ಯೆಯ ಮೊತ್ತವನ್ನು 200ರಿಂದ ಭಾಗಿಸಿದರೆ ಒಂದು ಗಂಟೆಯ ದರ. ಇವೆರಡೂ ಸೇರಿ 30,000 ರೂಪಾಯಿ ಎಂದಿಟ್ಟುಕೊಳ್ಳಿ. ಗಂಟೆಗೆ 150 ರೂಪಾಯಿ ಆಯಿತು. ಎಂಟು ಗಂಟೆಯ ರಾತ್ರಿಗೆ 80 ನಿಮಿಷ, ಅಂದರೆ 200 ರೂಪಾಯಿ. ತಿಂಗಳಿಗೆ ಎಂಟು ರಾತ್ರಿಯಾದರೆ 1,600 ರೂಪಾಯಿ.

ಇಲ್ಲೊಂದು ತೊಡಕಿದೆ. ಮೂಲವೇತನ 43,600 ರೂಪಾಯಿ ಮೀರಿದವರಿಗೆ ಈ ಆದೇಶದ ಭತ್ಯೆ ಇಲ್ಲ. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಕೇಂದ್ರದ ಶುಶ್ರೂಷಾಧಿಕಾರಿಯ ಆರಂಭಿಕ ಮೂಲವೇತನವೇ 44,900. ಅವರಿಗೆ ಪ್ರತ್ಯೇಕ ನರ್ಸಿಂಗ್ ಭತ್ಯೆ ಇದೆ. 2017ರ ಜುಲೈಯಿಂದ ಅದನ್ನು ತಿಂಗಳಿಗೆ 4,800ರಿಂದ 7,200 ರೂಪಾಯಿಗೆ ಏರಿಸಲಾಯಿತು.

ಖಾಸಗಿ ದಾದಿಯರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಸಮಿತಿ ರಚಿಸಲು ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಗಳಲ್ಲಿ ರಾಜ್ಯ ಸರಕಾರಿ ದಾದಿಯರಿಗೆ ಸಮನಾದ ವೇತನ, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ಕನಿಷ್ಠ 20,000 ರೂಪಾಯಿ ಎಂದು ಆ ಸಮಿತಿ ಶಿಫಾರಸು ಮಾಡಿತು. ನೆರೆಯ ಕೇರಳದಲ್ಲಿ 2017ರ ದಾದಿಯರ ಮುಷ್ಕರದ ಬಳಿಕ, 2018ರಲ್ಲಿ 20,000 ರೂಪಾಯಿಯ ಕನಿಷ್ಠ ವೇತನ ಅಧಿಸೂಚನೆಯಾಗಿ ಹೊರಬಂತು.

ಹೊರದೇಶಗಳಲ್ಲಿ

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ಸಾಮಾನ್ಯ ದಾದಿಗೆ ರಾತ್ರಿ ಮತ್ತು ಶನಿವಾರದ ಕೆಲಸಕ್ಕೆ ಶೇ. 30, ಭಾನುವಾರ ಮತ್ತು ಸಾರ್ವಜನಿಕ ರಜಾದಿನಕ್ಕೆ ಶೇ. 60 ಹೆಚ್ಚುವರಿ ಕೊಡುತ್ತದೆ. ಕೆಳ ಶ್ರೇಣಿಯ ಆರೈಕೆ ಸಹಾಯಕರಿಗೆ ಈ ಪ್ರಮಾಣ ಇನ್ನೂ ಹೆಚ್ಚು. ಕಡಿಮೆ ಸಂಬಳದವರಿಗೆ ಹೆಚ್ಚಿನ ಪಾಲು ಎಂಬ ಈ ಕ್ರಮ ಗಮನಾರ್ಹ. ಇಸ್ರೇಲ್‌ನಲ್ಲಿ ಮಾತ್ರ ಮನೆಯಲ್ಲೇ ಉಳಿದು ವೃದ್ಧರನ್ನು ನೋಡಿಕೊಳ್ಳುವವರಿಗೆ ದುಡಿಮೆಯ ಗಂಟೆಗಳ ಕಾನೂನು ಅನ್ವಯಿಸದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ತೀರ್ಪಿತ್ತು, 2013ರಲ್ಲಿ ಅದನ್ನೇ ಎತ್ತಿಹಿಡಿಯಿತು. ಅಲ್ಲಿಗೆ ಹೊರಡುವ ನಮ್ಮವರು ಇದನ್ನು ತಿಳಿದೇ ಒಪ್ಪಂದಕ್ಕೆ ಸಹಿ ಹಾಕಬೇಕು.

ರಾತ್ರಿ ದುಡಿಮೆ ಬರೀ ನಿದ್ದೆಗೇಡಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಾತ್ರಿ ಪಾಳಿಯನ್ನು 2007ರಲ್ಲಿ, ಮತ್ತೆ 2019ರಲ್ಲಿ, ಬಹುಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಹೀಗಿರುವಾಗ ಭತ್ಯೆಯನ್ನು ಉಡುಗೊರೆ ಎನ್ನಲಾಗದು. ಭತ್ಯೆ ಕೊಟ್ಟ ಮಾತ್ರಕ್ಕೆ ವಿಶ್ರಾಂತಿಯನ್ನು ಕಸಿಯಲೂ ಆಗದು.

ಧರ್ಮಸಭೆಯ ಬೋಧನೆ

ಪೋಪ್ ಹದಿಮೂರನೇ ಲಿಯೋ 1891ರ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ, ಬಡತನದ ಒತ್ತಡಕ್ಕೆ ಮಣಿದು ಕಾರ್ಮಿಕ ಒಪ್ಪಿಕೊಂಡ ಕೂಲಿಯೆಲ್ಲ ನ್ಯಾಯದ ಕೂಲಿಯಲ್ಲ ಎಂದು ಬೋಧಿಸಿದರು. ಎರಡನೇ ಜಾನ್ ಪಾಲ್ 1981ರ 'ಲಬೋರೆಮ್ ಎಕ್ಸೆರ್ಚೆನ್ಸ್' ಪತ್ರದಲ್ಲಿ, ಒಂದು ವ್ಯವಸ್ಥೆ ನ್ಯಾಯಯುತವೇ ಎಂಬುದಕ್ಕೆ ನ್ಯಾಯವಾದ ವೇತನವೇ ಒರೆಗಲ್ಲೆಂದರು. ಸಂತ ಲೂಕನ ಶುಭಸಂದೇಶದ ದಯಾಳು ಸಮಾರಿಯನನ್ನು ನೆನೆಯೋಣ. ಗಾಯಾಳುವನ್ನು ತಾನೇ ಉಪಚರಿಸಿದ್ದಲ್ಲದೆ, ಛತ್ರದವನ ಕೈಗೆ ಎರಡು ನಾಣ್ಯವಿತ್ತು, ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದು ಮಾತು ಕೊಟ್ಟ. ಆರೈಕೆ ಮಾಡುವವನ ಹೆಚ್ಚುವರಿ ಶ್ರಮದ ಲೆಕ್ಕವೂ ಆತನ ದಯೆಯೊಳಗೇ ಇತ್ತು. ಸೇವೆಯೇ ಪ್ರತಿಫಲವೆಂದು ದಾದಿಯರಿಗೆ ಉಪದೇಶಿಸುವ ಮುನ್ನ ನಾವು ಇದನ್ನು ಓದಬೇಕು.

ಧರ್ಮಕೇಂದ್ರಗಳಲ್ಲಿ ಮಾಡಬಹುದಾದದ್ದು

ಕ್ರೈಸ್ತ ಆಸ್ಪತ್ರೆ, ವೃದ್ಧಾಶ್ರಮಗಳ ಆಡಳಿತದಲ್ಲಿರುವವರು ಭತ್ಯೆಯ ದರವನ್ನು ಬರಹದಲ್ಲಿಟ್ಟು, ವೇತನ ಚೀಟಿಯಲ್ಲಿ ಪ್ರತ್ಯೇಕವಾಗಿ ತೋರಿಸಲಿ. ಆಯಾಗಳು, ವಾರ್ಡ್ ಸಹಾಯಕರು ಅದರಿಂದ ಹೊರಗುಳಿಯದಿರಲಿ.

ಮನೆಯಲ್ಲಿ ಹೋಂ ನರ್ಸ್ ಇಟ್ಟುಕೊಂಡ ಕುಟುಂಬಗಳೂ ಯಜಮಾನರೇ. ಮಕ್ಕಳು ವಿದೇಶದಲ್ಲಿದ್ದು, ಹಾಸಿಗೆ ಹಿಡಿದ ಅಮ್ಮನನ್ನು ಹಗಲಿರುಳು ಒಬ್ಬಳೇ ನೋಡಿಕೊಳ್ಳುವ ಮನೆಗಳು ನಮ್ಮ ವಾಳೆಗಳಲ್ಲಿವೆ. ಏಜೆನ್ಸಿಗೆ ಕೊಟ್ಟ ಹಣದಲ್ಲಿ ಆಕೆಯ ಕೈ ಸೇರುವುದೆಷ್ಟು, ರಾತ್ರಿ ಎಷ್ಟು ಬಾರಿ ಏಳುತ್ತಾಳೆ, ವಾರದ ರಜೆ ಇದೆಯೇ, ಭಾನುವಾರದ ಬಲಿಪೂಜೆಗೆ ಬಿಡುವು ಸಿಗುತ್ತದೆಯೇ ಎಂದು ಮನೆಯವರು ಕೇಳಿ ತಿಳಿದುಕೊಳ್ಳಲಿ. ಮೇ 12ರ ಅಂತಾರಾಷ್ಟ್ರೀಯ ದಾದಿಯರ ದಿನದಂದು ಹೂಗುಚ್ಛ ಕೊಡುವ ಪಾಲನಾ ಪರಿಷತ್ತುಗಳು ಈ ಪ್ರಶ್ನೆಗಳನ್ನೂ ಚರ್ಚೆಗೆ ಎತ್ತಿಕೊಳ್ಳಲಿ ಎಂಬುದು ನಮ್ಮ ವಿನಂತಿ.