ಅಭಾವದ ಕಾಲದ ಕಾಣಿಕೆ: ಮೊದಲ ನಾಲ್ಕು ಶತಮಾನಗಳ ಕ್ರೈಸ್ತ ದಾನದ ಚರಿತ್ರೆ

ಪೀಠಿಕೆ

ಉಳ್ಳವರು ಕೊಟ್ಟ ದಾನಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳು ಬೇಕಾದಷ್ಟಿವೆ. ರೋಮನ್ ಸಾಮ್ರಾಜ್ಯದ ಊರೂರಿನಲ್ಲೂ ಶ್ರೀಮಂತರು ಕಟ್ಟಿಸಿದ ಸ್ನಾನಗೃಹ, ರಂಗಮಂದಿರಗಳ ಮೇಲೆ ಅವರ ಹೆಸರು ಕೆತ್ತಿರುತ್ತಿತ್ತು. ಆದರೆ ಬರ, ಬೆಲೆಯೇರಿಕೆ, ಸಾಂಕ್ರಾಮಿಕ ರೋಗಗಳ ನಡುವೆ, ತಮ್ಮ ನಾಳೆಯ ಊಟಕ್ಕೇ ಖಾತ್ರಿಯಿಲ್ಲದ ಜನ ಇನ್ನೊಬ್ಬರಿಗೆ ಕೊಟ್ಟದ್ದು ಹೇಗೆ? ಕ್ರಿಸ್ತಶಕದ ಮೊದಲ ನಾಲ್ಕು ಶತಮಾನಗಳ ಕ್ರೈಸ್ತ ಸಭೆಗಳು ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುತ್ತವೆ. ಅವರ ಔದಾರ್ಯ ಸಂಕಟದ ಹೊತ್ತಿಗೆ ಉಕ್ಕಿದ ಕರುಣೆಯಷ್ಟೇ ಅಲ್ಲ. ವಾರವಾರದ ಕಾಣಿಕೆ, ಉಪವಾಸದ ಉಳಿತಾಯ, ಚೊಕ್ಕ ಲೆಕ್ಕ, ಗೊತ್ತುಮಾಡಿದ ಹೊಣೆಗಾರರು ಹೀಗೆ ಸಾಮಾನ್ಯ ದಿನಗಳಲ್ಲಿ ರೂಢಿಸಿಕೊಂಡ ಕ್ರಮವೇ ಕಷ್ಟದ ದಿನಗಳಲ್ಲಿ ಕೈಹಿಡಿಯಿತು ಎಂಬುದು ಈ ಲೇಖನದ ಪ್ರತಿಪಾದನೆ.

ಯೆರೂಸಲೇಮಿನ ಬರ ಮತ್ತು ಪೌಲನ ನಿಧಿ

ಕ್ಲೌದ್ಯ ಚಕ್ರವರ್ತಿಯ ಆಳ್ವಿಕೆಯಲ್ಲಿ (ಕ್ರಿ.ಶ. 41–54) ಯೂದಾಯಕ್ಕೆ ಬರ ಬಂತು. ಆದಿಯಾಬೇನಿನ ರಾಣಿ ಹೆಲೆನಾ ಈಜಿಪ್ಟಿನಿಂದ ಧಾನ್ಯವನ್ನೂ ಸೈಪ್ರಸ್‌ನಿಂದ ಒಣ ಅಂಜೂರವನ್ನೂ ಕೊಂಡು ಯೆರೂಸಲೇಮಿಗೆ ತರಿಸಿದಳೆಂದು ಯೆಹೂದಿ ಚರಿತ್ರಕಾರ ಜೋಸೆಫಸ್ ದಾಖಲಿಸಿದ್ದಾನೆ. ಅವಳು ಯೆಹೂದಿ ಧರ್ಮವನ್ನು ಸ್ವೀಕರಿಸಿದ್ದವಳು. ಬಡವರನ್ನು ಪೋಷಿಸುವುದು ದೇವರಿಗೆ ಸಲ್ಲಿಸುವ ಸೇವೆ ಎಂಬ ನಂಬಿಕೆ ಕ್ರೈಸ್ತರಿಗೆ ಯೆಹೂದಿ ಪರಂಪರೆಯಿಂದಲೇ ಬಂದದ್ದು. ಈ ಋಣವನ್ನು ಮರೆತರೆ ಕ್ರೈಸ್ತ ದಾನದ ಚರಿತ್ರೆ ಅರ್ಧಸತ್ಯವಾಗುತ್ತದೆ.

ಅದೇ ಬರದ ಸಂದರ್ಭದಲ್ಲಿ ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತ್ಯನುಸಾರ ಹಣ ಕೂಡಿಸಿ ಬಾರ್ನಬ ಮತ್ತು ಸೌಲರ ಕೈಯಲ್ಲಿ ಕಳುಹಿಸಿದರೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತವೆ. ಮುಂದೆ ಪೌಲನೆಂದು ಹೆಸರಾದ ಈ ಸೌಲನೇ 50ರ ದಶಕದಲ್ಲಿ ಮಕೆದೋನ್ಯ, ಅಖಾಯ, ಗಲಾತ್ಯದ ಸಭೆಗಳಿಂದ ಯೆರೂಸಲೇಮಿನ ಬಡವರಿಗಾಗಿ ದೊಡ್ಡ ನಿಧಿಯೊಂದನ್ನು ಸಂಗ್ರಹಿಸಿದ. ಕೊರಿಂಥದವರಿಗೆ ಅವನು ಬರೆದ ಪತ್ರಗಳಲ್ಲಿ ಈ ಸಂಗ್ರಹದ ವಿವರಗಳಿವೆ. ಮಕೆದೋನ್ಯದವರು ಕಡುಬಡತನದಲ್ಲಿದ್ದರೂ ಶಕ್ತಿ ಮೀರಿ ಕೊಟ್ಟರು, ಈ ಸೇವೆಯಲ್ಲಿ ತಮಗೂ ಪಾಲು ಬೇಕೆಂದು ತಾವಾಗಿಯೇ ಬೇಡಿಕೊಂಡರು ಎಂದು ಅವನು ಹೇಳುತ್ತಾನೆ.

ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ವಾರದ ಮೊದಲ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ಸ್ವಲ್ಪ ತೆಗೆದಿಡಬೇಕೆಂಬ ಸೂಚನೆ. ದಿನಗೂಲಿಯಲ್ಲಿ ಬದುಕುವವನು ಒಮ್ಮೆಗೇ ದೊಡ್ಡ ಮೊತ್ತ ಕೊಡಲಾರ, ಆದರೆ ವಾರಕ್ಕಿಷ್ಟೆಂದು ಕೂಡಿಡಬಲ್ಲ. ಎರಡನೆಯದು, ಸಮಾನತೆಯ ಗುರಿ. ಕೊಡುವವನು ಬರಿಗೈಯಾಗಬೇಕೆಂದು ಪೌಲ ಕೇಳಲಿಲ್ಲ. ಇಂದು ಒಬ್ಬರ ಸಮೃದ್ಧಿ ಇನ್ನೊಬ್ಬರ ಕೊರತೆಯನ್ನು ತುಂಬಲಿ, ನಾಳೆ ಅದು ತಿರುಗಿ ಬರಲಿ ಎಂಬುದು ಅವನ ವಾದ. ಮೂರನೆಯದು, ಲೆಕ್ಕದ ಪಾರದರ್ಶಕತೆ. ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದಿರಲೆಂದು ಪೌಲ ಸಭೆಗಳೇ ಆರಿಸಿದ ಪ್ರತಿನಿಧಿಗಳನ್ನು ಜೊತೆಗಿಟ್ಟುಕೊಂಡ. ಬಡವರ ದುಡ್ಡನ್ನು ಮುಟ್ಟುವವರು ಹೇಗಿರಬೇಕೆಂಬ ನಿಯಮ ಮೊದಲ ತಲೆಮಾರಿನಲ್ಲೇ ರೂಪುಗೊಂಡಿತ್ತು.

ಉಪವಾಸದ ಉಳಿತಾಯ, ಸಭೆಯ ಪೆಟ್ಟಿಗೆ

ಎರಡನೆಯ ಶತಮಾನದ ಬರಹಗಳಲ್ಲಿ ಈ ಅಭ್ಯಾಸ ವ್ಯವಸ್ಥೆಯಾಗಿ ಬೆಳೆದದ್ದು ಕಾಣುತ್ತದೆ. ರೋಮಿನಲ್ಲಿ ಹುಟ್ಟಿದ 'ಹರ್ಮಾಸನ ಕುರುಬ' ಎಂಬ ಕೃತಿ ಉಪವಾಸದ ದಿನ ಉಳಿದ ಊಟದ ಬೆಲೆಯನ್ನು ಲೆಕ್ಕಹಾಕಿ ವಿಧವೆಗೋ ಅನಾಥನಿಗೋ ಕೊಡಬೇಕೆಂದು ವಿಧಿಸುತ್ತದೆ. ಅಥೆನ್ಸಿನ ಅರಿಸ್ಟೈಡಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾನೆ. ತಮ್ಮಲ್ಲೊಬ್ಬ ಹಸಿದಿದ್ದು, ಕೊಡಲು ತಮ್ಮ ಬಳಿ ಹೆಚ್ಚೇನೂ ಇಲ್ಲದಿದ್ದರೆ ಕ್ರೈಸ್ತರು ಎರಡು ಮೂರು ದಿನ ತಾವೇ ಉಪವಾಸವಿದ್ದು ಅವನಿಗೆ ಉಣಿಸುತ್ತಾರೆ ಎನ್ನುತ್ತಾನೆ. ಇದು ಸಮರ್ಥನೆಗಾಗಿ ಬರೆದ ಗ್ರಂಥ, ಆದ್ದರಿಂದ ತುಸು ಉತ್ಪ್ರೇಕ್ಷೆ ಇದ್ದೀತು. ಆದರೂ ಹೆಚ್ಚುವರಿ ಹಣವಿಲ್ಲದವರ ದಾನಕ್ಕೆ ಅವರ ತುತ್ತೇ ಮೂಲವಾಗಿತ್ತೆಂಬ ಅಂಶ ಎರಡೂ ಗ್ರಂಥಗಳಲ್ಲಿ ಒಂದೇ ಆಗಿದೆ.

ಸುಮಾರು 155ರಲ್ಲಿ ಕ್ರೈಸ್ತ ಲೇಖಕ ಜಸ್ಟಿನ್ ಭಾನುವಾರದ ಆರಾಧನೆಯನ್ನು ವಿವರಿಸುತ್ತಾ, ಅಂದು ಕೂಡಿದ ಕಾಣಿಕೆಯನ್ನು ಸಭೆಯ ಮುಖ್ಯಸ್ಥನ ವಶಕ್ಕೆ ಕೊಡುತ್ತಿದ್ದರು, ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಾಳುಗಳು, ಪರಸ್ಥಳದವರು ನೆರವು ಪಡೆಯುತ್ತಿದ್ದರು ಎಂದು ಬರೆದ. 197ರಲ್ಲಿ ಕಾರ್ಥೇಜಿನ ತೆರ್ತುಲಿಯನ್ ತಿಂಗಳ ಕಾಣಿಕೆಯ ಪೆಟ್ಟಿಗೆಯ ಬಗ್ಗೆ ಹೇಳುತ್ತಾನೆ. ಅಲ್ಲಿ ಬಲವಂತವಿರಲಿಲ್ಲ. ಆ ಹಣ ಬಡವರ ಅನ್ನಕ್ಕೆ, ಅವರ ಅಂತ್ಯಸಂಸ್ಕಾರಕ್ಕೆ, ದಿಕ್ಕಿಲ್ಲದ ಮಕ್ಕಳಿಗೆ, ದುಡಿದು ಸವೆದ ವೃದ್ಧರಿಗೆ, ಹಡಗೊಡೆದು ಸರ್ವಸ್ವ ಕಳೆದುಕೊಂಡವರಿಗೆ ಹೋಗುತ್ತಿತ್ತು.

ಮೂರನೆಯ ಶತಮಾನದ ಪರೀಕ್ಷೆ

ಈ ವ್ಯವಸ್ಥೆಗೆ ಕಠಿಣ ಪರೀಕ್ಷೆ ಎದುರಾದದ್ದು ಮೂರನೆಯ ಶತಮಾನದಲ್ಲಿ. ಗಡಿಯುದ್ಧಗಳು, ಮೇಲಿಂದ ಮೇಲೆ ಸಿಂಹಾಸನಕ್ಕೆ ಕಚ್ಚಾಟ, ಜೊತೆಗೆ ಕುಸಿಯುತ್ತಿದ್ದ ನಾಣ್ಯ. ಕರಕಲ್ಲ ಚಕ್ರವರ್ತಿ 215ರ ಸುಮಾರಿಗೆ ಹೊರಡಿಸಿದ ಬೆಳ್ಳಿ ನಾಣ್ಯದಲ್ಲಿ ಅರ್ಧದಷ್ಟಿದ್ದ ಬೆಳ್ಳಿ 260ರ ದಶಕದ ಕೊನೆಗೆ ಶೇ. 5ಕ್ಕಿಂತ ಕೆಳಗಿಳಿದಿತ್ತು. 249ರ ಆಸುಪಾಸಿನಲ್ಲಿ ಹಬ್ಬಿದ ಮಹಾಮಾರಿ ವರ್ಷಗಟ್ಟಲೆ ಜನರನ್ನು ಕೊಂದಿತು. 250ರಲ್ಲಿ ದೇಕಿಯಸ್ ಚಕ್ರವರ್ತಿಯ ಆಜ್ಞೆಯಿಂದ ಕ್ರೈಸ್ತರ ಮೇಲೆ ಹಿಂಸೆಯೂ ಸೇರಿತು.

ಆ ವರ್ಷಗಳಲ್ಲಿ ಕಾರ್ಥೇಜಿನ ಬಿಷಪನಾಗಿದ್ದವನು ಸಿಪ್ರಿಯನ್. ತಲೆಮರೆಸಿಕೊಂಡಿದ್ದಾಗಲೂ ಅವನು ವಿಧವೆಯರನ್ನೂ ರೋಗಿಗಳನ್ನೂ ಬಡವರನ್ನೂ ಕೈಬಿಡಬೇಡಿ, ಪರಸ್ಥಳದವರಿಗೆ ಬೇಕಾದರೆ ನನ್ನ ಪಾಲಿನಿಂದ ಕೊಡಿ ಎಂದು ಪತ್ರ ಬರೆಯುತ್ತಿದ್ದ. ನುಮಿದಿಯದಲ್ಲಿ ದಾಳಿಕೋರರು ಕ್ರೈಸ್ತರನ್ನು ಸೆರೆಹಿಡಿದಾಗ ಅವರ ಬಿಡುಗಡೆಗೆ ಕಾರ್ಥೇಜಿನ ಸಭೆ ಒಂದು ಲಕ್ಷ ಸೆಸ್ಟರ್ಸ್ ಕೂಡಿಸಿತು. ಸಿಪ್ರಿಯನ್ ಆ ಹಣದೊಂದಿಗೆ ಕೊಟ್ಟವರ ಹೆಸರಿನ ಪಟ್ಟಿಯನ್ನೂ ಕಳುಹಿಸಿ, ಅವರಿಗಾಗಿ ಪ್ರಾರ್ಥಿಸಿರೆಂದು ಕೇಳಿಕೊಂಡ. ಇನ್ನೊಂದು ಪತ್ರದಲ್ಲಿ, ರಂಗಭೂಮಿಯನ್ನು ಬಿಟ್ಟರೂ ನಟನೆ ಕಲಿಸಿ ಹೊಟ್ಟೆಹೊರೆಯುತ್ತಿದ್ದವನೊಬ್ಬನ ಪ್ರಶ್ನೆ ಬರುತ್ತದೆ. ಅವನು ಆ ಕಸುಬನ್ನೂ ಬಿಡಲಿ, ಸಭೆ ಅವನನ್ನು ಸಾಕಲಿ, ನಿಮ್ಮ ಸಭೆಗೆ ಅಷ್ಟು ಶಕ್ತಿಯಿಲ್ಲದಿದ್ದರೆ ನಮ್ಮಲ್ಲಿಗೆ ಕಳುಹಿಸಿ ಎಂಬುದು ಸಿಪ್ರಿಯನ್ನನ ಉತ್ತರ. ನೀತಿ ಹೇಳುವವರು ಅದರ ವೆಚ್ಚವನ್ನೂ ಹೊರಬೇಕೆಂಬ ನಿಲುವು ಇದು. ಮಹಾಮಾರಿಯ ದಿನಗಳಲ್ಲಿ ನೆರವು ನಮ್ಮವರಿಗಷ್ಟೇ ಸೀಮಿತವಾಗಬಾರದೆಂದು ಅವನು ಬೋಧಿಸಿದನೆಂದು ಅವನ ಜೀವನಚರಿತ್ರೆಯನ್ನು ಬರೆದ ಪೊಂತಿಯಸ್ ಹೇಳುತ್ತಾನೆ.

ರೋಮಿನ ಸಭೆಯ ಲೆಕ್ಕವೂ ಉಳಿದಿದೆ. 251ರಲ್ಲಿ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದ ಪ್ರಕಾರ ಆ ಸಭೆ 46 ಹಿರಿಯರನ್ನೂ 7 ಡೀಕನರನ್ನೂ ಹೊಂದಿತ್ತು, 1500ಕ್ಕೂ ಮಿಕ್ಕ ವಿಧವೆಯರನ್ನೂ ಬಡವರನ್ನೂ ಪೋಷಿಸುತ್ತಿತ್ತು.

ಇವೆಲ್ಲ ಕ್ರೈಸ್ತರೇ ಬರೆದ ಸಾಕ್ಷ್ಯಗಳು. ಆದರೆ 303ರಲ್ಲಿ ಕ್ರೈಸ್ತರ ಮೇಲೆ ಮತ್ತೆ ಹಿಂಸೆ ನಡೆದಾಗ ಉತ್ತರ ಆಫ್ರಿಕದ ಕಿರ್ತಾ ಊರಿನ ಅಧಿಕಾರಿಗಳು ಸಭೆಯ ಮನೆಯನ್ನು ಜಪ್ತಿಮಾಡಿ ಬರೆದ ಪಟ್ಟಿ ನಮಗೆ ದೊರೆತಿದೆ. ಅದರಲ್ಲಿ ಚಿನ್ನಬೆಳ್ಳಿಯ ಪಾತ್ರೆಗಳ ಜೊತೆಗೆ ಹೆಂಗಸರ 82 ಅಂಗಿಗಳು, ಗಂಡಸರ 16 ಅಂಗಿಗಳು, ಹೆಂಗಸರ 47 ಜೊತೆ, ಗಂಡಸರ 13 ಜೊತೆ ಪಾದರಕ್ಷೆಗಳು ಸೇರಿವೆ. ಇವು ಬಡವರಿಗೆ ಹಂಚಲು ಇಟ್ಟಿದ್ದವು ಎಂಬುದೇ ಸಹಜವಾದ ವಿವರಣೆ. ಹೆಂಗಸರ ಉಡುಪೇ ಹೆಚ್ಚಿರುವುದು ಸಭೆಯ ಆಸರೆಯಲ್ಲಿದ್ದ ವಿಧವೆಯರ ಸಂಖ್ಯೆಯನ್ನು ಸೂಚಿಸುತ್ತದೆ. ವಿರೋಧಿಗಳ ಕೈಬರಹವೇ ಇಲ್ಲಿ ದಾನಕ್ಕೆ ಸಾಕ್ಷಿಯಾಗಿದೆ.

ಕೈಸರೈಯದ ಬರ ಮತ್ತು ಬೆಸಿಲ್

ನಾಲ್ಕನೆಯ ಶತಮಾನದಲ್ಲಿ ಸಭೆಗೆ ರಾಜಮನ್ನಣೆ ದೊರೆಯಿತು. ಮೃತ್ಯುಪತ್ರದ ಮೂಲಕ ಆಸ್ತಿಯನ್ನು ಸಭೆಗೆ ಬಿಡಲು 321ರ ಕಾನೂನು ಅವಕಾಶ ಮಾಡಿಕೊಟ್ಟಿತು. ಈಗ ಸಭೆಯೊಳಗೆ ಭೂಮಾಲೀಕರೂ ಕಣಜದ ಒಡೆಯರೂ ಇದ್ದರು. ಆದ್ದರಿಂದ ಸಂಪತ್ತನ್ನು ಬಿಡಿಸುವುದು ಹೇಗೆಂಬ ಹೊಸ ಸಮಸ್ಯೆ ಎದುರಾಯಿತು.

368–369ರ ಸುಮಾರಿಗೆ ಕಪ್ಪದೋಕ್ಯದ ರಾಜಧಾನಿ ಕೈಸರೈಯಕ್ಕೆ (ಇಂದಿನ ಟರ್ಕಿಯ ಕೈಸೇರಿ) ಭೀಕರ ಬರ ಬಡಿಯಿತು. ಮಳೆಯೂ ಹಿಮವೂ ಬೀಳಲಿಲ್ಲ. ಕರಾವಳಿಯ ಊರುಗಳು ಹಡಗಿನಲ್ಲಿ ಧಾನ್ಯ ತರಿಸಿಕೊಳ್ಳಬಹುದು, ಒಳನಾಡಿನ ಊರಿಗೆ ಆ ದಾರಿಯಿಲ್ಲ ಎಂದು ಸಮಕಾಲೀನ ಕ್ರೈಸ್ತ ಲೇಖಕ ನಜಿಯಾನ್ಜಸ್ಸಿನ ಗ್ರೆಗೊರಿ ಗಮನಿಸುತ್ತಾನೆ. ಸ್ಥಳೀಯ ಕಣಜಗಳ ಒಡೆಯರು ಬೆಲೆ ಇನ್ನೂ ಏರಲೆಂದು ಕಾಯುತ್ತಿದ್ದರು. ಮುಂದೆ ಆ ಊರಿನ ಬಿಷಪನಾದ ಬೆಸಿಲ್ ಆಗ ಇನ್ನೂ ಸಭೆಯ ಹಿರಿಯನಾಗಿದ್ದ. ಬಚ್ಚಿಟ್ಟ ಧಾನ್ಯ ಹಸಿದವನಿಗೆ ಸೇರಿದ್ದು ಎಂದು ಅವನು ಪ್ರಸಂಗಗಳಲ್ಲಿ ನೇರವಾಗಿ ವಾದಿಸಿದ. ತನ್ನ ಯಾವ ಮಗುವನ್ನು ಮಾರಿ ಉಳಿದವರನ್ನು ಸಾಕಲಿ ಎಂದು ಒದ್ದಾಡುವ ತಂದೆಯ ಚಿತ್ರವನ್ನು ಧಾನ್ಯವ್ಯಾಪಾರಿಗಳ ಮುಂದಿಟ್ಟ. ಬಡ್ಡಿಸಾಲ ಸಂಕಟದಲ್ಲಿರುವವನನ್ನು ಮತ್ತಷ್ಟು ಮುಳುಗಿಸುತ್ತದೆಂದು ಇನ್ನೊಂದು ಪ್ರಸಂಗದಲ್ಲಿ ಎಚ್ಚರಿಸಿದ. ಕಣಜಗಳು ತೆರೆದವು. ದೊಡ್ಡ ಕಡಾಯಿಗಳಲ್ಲಿ ಕಾಳಿನ ಸಾರು ಬೇಯಿಸಿ ಬೆಸಿಲ್ ತಾನೇ ನಿಂತು ಬಡಿಸಿದನೆಂದು ಗ್ರೆಗೊರಿ ವರ್ಣಿಸುತ್ತಾನೆ. ಬೆಸಿಲನ ಅಕ್ಕ ಮಕ್ರೀನಾ ಬರದಲ್ಲಿ ದಾರಿಬದಿಯಲ್ಲಿ ಬಿದ್ದಿದ್ದ ಹೆಣ್ಣುಮಕ್ಕಳನ್ನು ಎತ್ತಿತಂದು ಸಾಕಿದಳು. ಈ ಸಂಗತಿ ಅವರ ತಮ್ಮನಾದ ನಿಸ್ಸದ ಗ್ರೆಗೊರಿ ಬರೆದ ಅವಳ ಚರಿತ್ರೆಯಲ್ಲಿದೆ.

ಬರ ಮುಗಿದರೂ ಕೆಲಸ ನಿಲ್ಲಲಿಲ್ಲ. 370ರಲ್ಲಿ ಬಿಷಪನಾದ ಬೆಸಿಲ್ ಊರ ಹೊರಗೆ ರೋಗಿಗಳು, ಕುಷ್ಠಪೀಡಿತರು, ದಾರಿಹೋಕರಿಗಾಗಿ ದೊಡ್ಡ ಆಶ್ರಯಧಾಮವನ್ನು ಕಟ್ಟಿಸಿದ. ಅದರಲ್ಲಿ ವೈದ್ಯರೂ ದಾದಿಯರೂ ಇದ್ದರು. ಆಕ್ಷೇಪಗಳು ಬಂದಾಗ ಪ್ರಾಂತಾಧಿಕಾರಿ ಎಲಿಯಾಸನಿಗೆ ಪತ್ರ ಬರೆದು ಅದನ್ನು ಸಮರ್ಥಿಸಿಕೊಂಡ. ಮುಂದೆ ಅದು ಬೆಸಿಲಿಯಾಸ್ ಎಂದೇ ಹೆಸರಾಯಿತು.

ಉಪಸಂಹಾರ

ಈ ಚರಿತ್ರೆಯಲ್ಲಿ ಕುಂದುಗಳೂ ಇವೆ. ಸಭೆಯ ಪೆಟ್ಟಿಗೆ ಬಹುಮಟ್ಟಿಗೆ ಸಭೆಯವರಿಗೇ ಮೀಸಲಾಗಿತ್ತು. ಬಡವರ ಪೋಷಕರೆಂಬ ಸ್ಥಾನದಿಂದ ಬಿಷಪರ ಅಧಿಕಾರವೂ ಬೆಳೆಯಿತೆಂದು ಚರಿತ್ರಕಾರ ಪೀಟರ್ ಬ್ರೌನ್ ತೋರಿಸಿಕೊಟ್ಟಿದ್ದಾರೆ. ಆದರೆ ಅವರದೇ ಅಧ್ಯಯನಗಳು ಇನ್ನೊಂದು ದೊಡ್ಡ ಬದಲಾವಣೆಯನ್ನೂ ಗುರುತಿಸುತ್ತವೆ. ರೋಮನ್ ದಾನಿಗಳು ತಮ್ಮ ಊರಿನ ಪೌರರಿಗೆ ಕೊಡುತ್ತಿದ್ದರು. ಯಾವ ಊರಿನ ಪಟ್ಟಿಯಲ್ಲೂ ಹೆಸರಿಲ್ಲದ ಬಡವನು ಸಾರ್ವಜನಿಕ ಹೊಣೆಯಾದದ್ದು ಈ ಶತಮಾನಗಳಲ್ಲಿ.

ಹಣದ ಬೆಲೆ ಕುಸಿದಾಗ, ಕೆಲಸ ಹೋದಾಗ, ಕಾಣಿಕೆಯೇ ಮೊದಲು ಕಡಿತವಾಗುವ ಖರ್ಚು ಎಂದು ಇಂದಿನ ಸಭೆಗಳೂ ಅಂಜುತ್ತವೆ. ಆದಿಸಭೆಗಳ ಅನುಭವ ಬೇರೆ ದಾರಿಯನ್ನು ತೋರಿಸುತ್ತದೆ: ಅನುಕೂಲವಿರುವಾಗಲೇ ಚಿಕ್ಕ ಮೊತ್ತವನ್ನು ತಪ್ಪದೆ ತೆಗೆದಿಡಿ, ಅದರ ಲೆಕ್ಕವನ್ನು ಎಲ್ಲರ ಮುಂದಿಡಿ, ನೆರವು ಬೇಕಾದವರ ಪಟ್ಟಿಯನ್ನು ಕಷ್ಟ ಬರುವ ಮೊದಲೇ ತಿಳಿದಿಟ್ಟುಕೊಳ್ಳಿ. ಅಭಾವದ ಕಾಲದಲ್ಲಿ ಕೊಡುವ ಶಕ್ತಿ ಉಳಿಯುವುದು ಈ ಶಿಸ್ತಿನಿಂದಲೇ.